ವ್ಯಾನಿನ ಹಿಂಗಣ್ಣಿಗೆ ಹಚ್ಚಿದ ವಿಭೂತಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಆಯುಧಪೂಜೆಯ ದಿನ. ಜಾಗ, ಮಲವಗೊಪ್ಪದಲ್ಲಿರುವ ನಮ್ಮ ಸೋದರಮಾವನ ಮನೆಯ ಅಂಗಳ. ಗಂಟೆ ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ಪೂಜೆಗೆ ಇಳಿಸಿಟ್ಟಿದ್ದ ಗೋಡೆ ಗಡಿಯಾರಕ್ಕೆ ಕುಂಕುಮ ಇಟ್ಟವಳು ನಾನೇ. ಹನ್ನೆರಡರ ಮೇಲೆ ಒಂದು ಬೊಟ್ಟು ಇಟ್ಟು, ಮುಳ್ಳು ನೋಡಿ, ವಿಭೂತಿಯ ಬಟ್ಟಲು ಹಿಡಿದು ಎದ್ದೆ. ಎಲ್ಲ ಕೆಡಲು ಶುರುವಾದದ್ದು ಹಾಗೆ ಎದ್ದ ನಿಮಿಷದಿಂದಲೇ.

ಅದನ್ನು ಹೇಳುವ ಮೊದಲು ನಮ್ಮ ಮಾವ ಎಂಥ ಜೀವ ಅನ್ನುವುದು ನಿಮಗೆ ಗೊತ್ತಾಗಬೇಕು. ಶಿವಮೊಗ್ಗದಿಂದ ಭದ್ರಾವತಿಯವರೆಗೆ ಹುಡುಕಿದರೂ ಬೆನ್ನಿಗೆ ಕಣ್ಣಿರುವ ಮನುಷ್ಯ ಅವರೊಬ್ಬರೇ. ದೇವರು ಮುಂದೆ ಕೊಟ್ಟ ಎರಡು ಕಣ್ಣುಗಳನ್ನು ಅವರು ಅಷ್ಟಾಗಿ ನಂಬುತ್ತಿರಲಿಲ್ಲ ಅನ್ನುವುದು ಬೇರೆ ಮಾತು!

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ಉದ್ದನೆಯ ತಂತಿಯ ತುದಿಗೆ ಕಡಲೆಕಾಳಿನಷ್ಟು ಕ್ಯಾಮೆರಾ. ಅದನ್ನು ಕೊಳವೆಯೊಳಗೆ ಬಿಟ್ಟು, ಎಲ್ಲಿ ಬಿರುಕಿದೆ, ಎಲ್ಲಿ ತುಕ್ಕಿದೆ ಅಂತ ನೋಡುವುದು ಅವರ ಕೆಲಸ. ಮೂವತ್ತು ವರ್ಷ ಕತ್ತಲ ಕೊಳವೆಯೊಳಗೆ ಇಣುಕಿದ ಮನುಷ್ಯನನ್ನು ಒಂದು ದಿನ ಹಾರ ಹಾಕಿ ಮನೆಗೆ ಕಳಿಸಿದರೆ ಏನಾಗುತ್ತದೆ? ಮನೆಯೇ ಕೊಳವೆಯಾಗುತ್ತದೆ!

ನಿವೃತ್ತಿಯಾದ ವಾರದಲ್ಲೇ ಅಂಥದ್ದೇ ಒಂದು ತಂತಿ ಕ್ಯಾಮೆರಾ ತರಿಸಿಕೊಂಡರು. ಮೊಬೈಲಿಗೆ ಸಿಕ್ಕಿಸಿದರೆ ಚಿತ್ರ ಬರುತ್ತಿತ್ತು. ಮಿಕ್ಸಿಯ ಹೊಟ್ಟೆ ನೋಡಿದರು. ಫ್ರಿಜ್ಜಿನ ಬೆನ್ನು ನೋಡಿದರು. ಅಡುಗೆಮನೆಯ ಸಿಂಕಿನೊಳಗೆ ಬಿಟ್ಟು, ಅತ್ತೆ ಎರಡು ವರ್ಷದ ಹಿಂದೆ ಕಳೆದುಕೊಂಡಿದ್ದ ಮೂಗುಬೊಟ್ಟನ್ನು ನಾಲ್ಕೇ ನಿಮಿಷದಲ್ಲಿ ಹುಡುಕಿದರು. ಅತ್ತೆ ಸಂತೋಷಪಟ್ಟರಾ? ಎಲ್ಲಿ!

"ಎರಡು ವರ್ಷದಿಂದ ಕೆಲಸದವಳ ಮೇಲೆ ಅನುಮಾನ ಪಟ್ಕೊಂಡು ಬಂದಿದ್ದೆ. ಈಗ ಅವಳ ಮುಖ ಹೆಂಗ್ರೀ ನೋಡ್ಲಿ?" ಅಂತ ಮಾವನ ಮೇಲೇ ಹರಿಹಾಯ್ದರು.

ಊರಿನವರಿಗೆ ಮಾತ್ರ ಮಾವ ಬೇಕಾದವರಾದರು. ಹಳೇ ಕಾರು ಕೊಳ್ಳುವವರು ಮೊದಲು ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುತ್ತಿದ್ದರು. ಈಗ ಮಾವನನ್ನು ಕರೆದುಕೊಂಡು ಹೋಗತೊಡಗಿದರು. ಒಂದು ಸಲ ನನ್ನ ಸಹೋದ್ಯೋಗಿಯೊಬ್ಬರು ಕಾರು ನೋಡಲು ಹೊರಟಾಗ ನಾನೂ ಜೊತೆಗಿದ್ದೆ. ಮಾರುವ ಸಾಹೇಬರು ಬಾಯಿ ತುಂಬ ಹೊಗಳುತ್ತಿದ್ದರು.

"ಬಿಲ್ಕುಲ್ ಸಾಫ್ ಗಾಡಿ ಸಾರ್. ಡಾಕ್ಟ್ರು ಓಡಿಸ್ತಾ ಇದ್ದಿದ್ದು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಬೇರೆ ರಸ್ತೇನೇ ನೋಡಿಲ್ಲ ಇದು."

ಮಾವ ಬಾಗಿಲ ಅಂಚಿನ ರಬ್ಬರ್ ಸರಿಸಿ, ಸಂದಿಯಲ್ಲಿ ತಂತಿ ಬಿಟ್ಟರು. ಮೊಬೈಲಿನ ಪರದೆಯಲ್ಲಿ ಕೆಸರು ಕಾಣಿಸಿತು. ಕೆಸರಿನ ನಡುವೆ ಒಂದು ಬಸವನಹುಳದ ಚಿಪ್ಪು.

"ಡಾಕ್ಟ್ರು ಆಸ್ಪತ್ರೆಗೆ ಹೊಳೆ ಒಳಗಿಂದ ಹೋಗ್ತಿದ್ರಾ?" ಅಂದರು ಮಾವ.

ಸಾಹೇಬರು ಚಿಪ್ಪನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಚಾಯ್ ತಗೊಳ್ಳಿ ಸಾರ್. ನಾಳೆ ನಾನೇ ಒಂದು ಗಾಡಿ ಕೊಳ್ಳೋದಿದೆ, ನೀವು ಬರ್ಬೇಕು" ಅಂದರು!

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮಾವ ತಮ್ಮ ಹಳೇ ವ್ಯಾನಿಗೂ ಕ್ಯಾಮೆರಾ ಹಾಕಿಸಿದರು. ಎಡಕ್ಕೊಂದು, ಬಲಕ್ಕೊಂದು, ಮುಂದೊಂದು. ಹಿಂದೆ, ನಂಬರ್ ಪ್ಲೇಟಿನ ಮೇಲೆ, ಎಲ್ಲಕ್ಕಿಂತ ಮುಖ್ಯವಾದದ್ದೊಂದು. ಅದಕ್ಕೆ ಅವರು ಇಟ್ಟ ಹೆಸರು ಹಿಂಗಣ್ಣು. ರಿವರ್ಸ್ ಗೇರ್ ಹಾಕಿದರೆ ಸಾಕು, ಸ್ಟಿಯರಿಂಗ್ ಪಕ್ಕದ ಪುಟ್ಟ ಪರದೆಯಲ್ಲಿ ಹಿಂದಿನ ಪ್ರಪಂಚವೆಲ್ಲ ಮೂಡುತ್ತಿತ್ತು.

ನಮ್ಮ ಕಡೆ ಗಾಡಿ ಹಿಂದಕ್ಕೆ ತೆಗೆಯುವುದು ಒಬ್ಬನ ಕೆಲಸವಲ್ಲ, ಅದು ನಿಮಗೂ ಗೊತ್ತು. ರಿವರ್ಸ್ ಸದ್ದು ಕೇಳಿದರೆ ಸಾಕು, ಗುರುತಿಲ್ಲದವರೂ ಚಹಾ ಲೋಟ ಕೆಳಗಿಟ್ಟು ಬಂದು ನಿಲ್ಲುತ್ತಾರೆ. "ಬರ್ಲಿ ಬರ್ಲಿ ಬರ್ಲಿ... ಸ್ವಲ್ಪ ಕಟ್ ಮಾಡಿ... ಇನ್ನೂ ಬರ್ಲಿ... ಹಾಂ ಓಲ್ಡಾನ್!" ಅಂತ ಗಾಡಿಯ ಬೆನ್ನಿಗೆ ಎರಡು ಏಟು ಬಡಿದು, ಮಹತ್ಕಾರ್ಯ ಮುಗಿಸಿದವರಂತೆ ಹೊರಟುಹೋಗುತ್ತಾರೆ. ಮಾವನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಭದ್ರಾವತಿಯ ಒಂದು ಮದುವೆ ಛತ್ರದ ಮುಂದೆ ಹೀಗೆ ಬಡಿದವರೊಬ್ಬರ ಎದುರು ಇಳಿದು ನಿಂತು, "ಯಾರ್ರೀ ನೀವು?" ಅಂತ ಕೇಳಿದರು.

"ಹುಡುಗಿ ಕಡೆಯವ್ರು ಸಾರ್."

"ನಾವು ಗಂಡಿನ ಕಡೆಯವ್ರು. ನಮ್ಮ ಗಾಡಿ ನಾವು ನೋಡ್ಕೋತೀವಿ!"

ಆ ಮದುವೆಯಲ್ಲಿ ಎರಡು ಕಡೆಯವರನ್ನು ಮತ್ತೆ ಊಟಕ್ಕೆ ಕೂರಿಸಲು ಅರ್ಧ ಗಂಟೆ ಹಿಡಿಯಿತು.

ಮಾವನ ಮನೆಯಲ್ಲಿ ಇಪ್ಪತ್ತೈದು ವರ್ಷ ಆ "ಬರ್ಲಿ ಬರ್ಲಿ" ಅತ್ತೆಯ ಕೆಲಸವಾಗಿತ್ತು. ಒಲೆಯ ಮೇಲೆ ಏನಿದ್ದರೂ ಉರಿ ಸಣ್ಣ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಹಿಂಗಣ್ಣು ಬಂದ ದಿನ ಮಾವ ಆಜ್ಞೆ ಹೊರಡಿಸಿದರು. "ಇನ್ಮೇಲೆ ರಿವರ್ಸ್ ತೆಗೆಯುವಾಗ ಯಾರೂ ಬಾಯಿ ಬಿಡಂಗಿಲ್ಲ. ಕ್ಯಾಮೆರಾ ಒಂದು ಹೇಳ್ತದೆ, ನೀವೊಂದು ಹೇಳ್ತೀರ, ನಾನು ಯಾರ ಮಾತು ಕೇಳ್ಲಿ?"

"ಅಂದ್ರೆ ನನ್ನ ಕೆಲ್ಸ ಹೋಯ್ತು ಅನ್ನಿ" ಅಂದರು ಅತ್ತೆ. "ನಿಮ್ಮನ್ನ ಕಾರ್ಖಾನೆಯವ್ರು ಹಾರ ಹಾಕಿ ಕಳಿಸಿದ್ರು. ನನಗೆ ಅದೂ ಇಲ್ವಾ?"

ನಾವೆಲ್ಲ ನಕ್ಕೆವು. ಅತ್ತೆಯೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಈಗ ಯೋಚಿಸಿದರೆ, ಇಡೀ ಮನೆ ಹಿಂದಿರುಗಿ ನೋಡುವುದನ್ನು ಬಿಟ್ಟದ್ದು ಆವತ್ತಿನಿಂದಲೇ. ಮಾವ ಕತ್ತು ತಿರುಗಿಸುವುದನ್ನು ಬಿಟ್ಟರು. ಅತ್ತೆ ವ್ಯಾನ್ ಹೊರಡುವಾಗ ಸರಿದು ನಿಲ್ಲುವುದನ್ನು ಬಿಟ್ಟರು. ಕ್ಯಾಮೆರಾಕ್ಕೆ ಕಾಣುತ್ತದಲ್ಲ!

ಒಂದು ಭಾನುವಾರ ಸಕ್ರೆಬೈಲಿಗೆ ಆನೆ ನೋಡಲು ಹೋಗಿದ್ದೆವು. ವಾಪಸು ಹೊರಡುವಾಗ ಮಾವ ರಿವರ್ಸ್ ಹಾಕಿದರೆ ಪರದೆಯಲ್ಲಿ ಏನೂ ಇಲ್ಲ. ಪೂರ್ತಿ ಬೂದು ಬಣ್ಣ.

"ಕೇಬಲ್ ಲೂಸ್ ಆಗಿದೆ" ಅಂತ ಪರದೆಯ ತಲೆಗೆ ಬಡಿದರು. ಬೂದು ಬಣ್ಣ ಸ್ವಲ್ಪ ಅಲುಗಾಡಿತು. "ನೋಡಿದ್ಯಾ, ಲೂಸೇ!" ಅನ್ನುವಷ್ಟರಲ್ಲಿ ಮಾವುತ ಕಿಟಕಿಯ ಹತ್ತಿರ ಬಗ್ಗಿದ.

"ಸಾರ್, ನಿಮ್ಮ ಕೇಬಲ್ ಸರಿ ಇದೆ. ಹಿಂದೆ ಆನೆ ನಿಂತಿದೆ. ಒಂದೈದು ನಿಮಿಷ ಕೂತಿರಿ, ಹೋಗ್ತದೆ."

ದಾರಿಯುದ್ದಕ್ಕೂ ನಾನು ಆಡಿಕೊಂಡೆ. ಮಾವ ಸೋಲಲಿಲ್ಲ. "ಕ್ಯಾಮೆರಾ ಸುಳ್ಳು ಹೇಳ್ಲಿಲ್ಲ ಮಾರಾಯ್ತಿ. ಅದು ಆನೇನೇ ತೋರಿಸ್ತು. ತಪ್ಪು ಓದಿದ್ದು ನಾನು" ಅಂದರು. ಆವತ್ತಿನಿಂದ ಪರದೆಯನ್ನು ಸರಿಯಾಗಿ ಓದಲು ಒಂದು ನೋಟ್‌ಬುಕ್ ಶುರುವಾಯಿತು. ಮಳೆ ಹನಿ ಬಿದ್ದರೆ ಹೇಗೆ ಕಾಣುತ್ತದೆ, ಮಂಜಿದ್ದರೆ ಹೇಗೆ ಅಂತೆಲ್ಲ ಬರೆದಿಟ್ಟರು. ಅದರಲ್ಲಿ ಒಂದು ಸಾಲು ಹೀಗಿತ್ತು: "ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದು: ಎದುರು ಮನೆ ತಗಡಿನ ಮೇಲೆ ಬಿಸಿಲು. ಪರದೆ ಪೂರ್ತಿ ಬಿಳಿ. ಗಾಬರಿ ಬೇಡ."

ಇನ್ನು ಆಯುಧಪೂಜೆಗೆ ಬರುತ್ತೇನೆ. ತಪ್ಪಿಸಿಕೊಳ್ಳಲು ಬೇರೆ ದಾರಿಯೂ ಇಲ್ಲ.

ಆ ಮನೆಯಲ್ಲಿ ಆಯುಧ ಅಂದರೆ ಯಾವುದಲ್ಲ? ಸ್ಪ್ಯಾನರ್, ಹೊಲಿಗೆ ಯಂತ್ರ, ಕುಕ್ಕರ್, ಈಳಿಗೆಮಣೆ, ಗಡಿಯಾರ, ನನ್ನ ಲ್ಯಾಪ್‌ಟಾಪ್. ಎಲ್ಲಕ್ಕೂ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ. ತಂತಿ ಕ್ಯಾಮೆರಾವನ್ನು ಸುರುಳಿ ಸುತ್ತಿ ಬಾಳೆಲೆಯ ಮೇಲೆ ಇಟ್ಟಿದ್ದರು. ವ್ಯಾನಿನ ಮುಖಕ್ಕೆ ಹಾರ ಬಿದ್ದಿತ್ತು. ಬಟ್ಟಲು ಹಿಡಿದು ವ್ಯಾನಿನ ಹಿಂದೆ ಬಂದವಳಿಗೆ ನಂಬರ್ ಪ್ಲೇಟಿನ ಮೇಲಿನ ಹಿಂಗಣ್ಣು ಬರಿಹಣೆಯಲ್ಲಿರುವುದು ಕಾಣಿಸಿತು. ಎಲ್ಲರಿಗೂ ಹಚ್ಚಿ ಇದಕ್ಕೊಂದಕ್ಕೆ ಹಚ್ಚದಿದ್ದರೆ ಹೇಗೆ? ಅದೂ ಅಲ್ಲದೆ, ಪರದೆಯಲ್ಲಿ ಮೂರು ಪಟ್ಟೆ ಕಂಡು ಮಾವ ಹಾರಾಡುವುದನ್ನು ನೋಡುವ ಆಸೆ. ನನಗೆ ಮೂವತ್ನಾಲ್ಕು ವರ್ಷ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆದರೂ ಮೂರು ಬೆರಳನ್ನು ಅದ್ದಿ, ಹಿಂಗಣ್ಣಿನ ಮೇಲೆ ಅಡ್ಡಡ್ಡ ಎಳೆದೆ.

ನೀರಲ್ಲಿ ಕಲಸಿದ ವಿಭೂತಿ ಹಚ್ಚಿದ ಕೂಡಲೇ ಕಾಣುವುದಿಲ್ಲ. ಹಣೆಗೆ ಹಚ್ಚಿಕೊಳ್ಳುವವರಿಗೆಲ್ಲ ಗೊತ್ತು. ಒದ್ದೆಯಿದ್ದಾಗ ಬರೀ ನೀರು. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಲೆನ್ಸಿನ ಮೇಲೆ ತೆಳ್ಳಗೆ ನೀರಷ್ಟೇ ಕಂಡಿತು. ಹತ್ತಲಿಲ್ಲವೇನೋ ಅಂದುಕೊಂಡು ಒಳಗೆ ಹೋದೆ. ಪ್ರಸಾದದ ತಟ್ಟೆ ಜೋಡಿಸುವ ಗಡಿಬಿಡಿಯಲ್ಲಿ ಮರೆತೂಬಿಟ್ಟೆ.

ವ್ಯಾನ್ ಮನೆಯ ಕಡೆ ಮುಖ ಮಾಡಿ ನಿಂತಿತ್ತು, ಹಿಂಭಾಗ ಗೇಟಿನ ಕಡೆ. ನಾಲ್ಕು ಚಕ್ರದ ಹಿಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಬೂದುಗುಂಬಳಕಾಯಿಗೆ ತೂತು ಕೊರೆದು, ಕುಂಕುಮ ತುಂಬಿ, ಮೂರು ಸುತ್ತು ನಿವಾಳಿಸಿ ಮಾವ ಗೇಟಿನ ಬಳಿ ಒಡೆದರು. ಹತ್ತೂ ಐವತ್ತೈದು. ಎಂಜಿನ್ ಆಗಲೇ ಶುರುವಾಗಿತ್ತು. ಹೊಸ ಅಂಗಿಯ ಮಾವ ಹತ್ತಿ ಕೂತರು. ನಾನು ಪಡಸಾಲೆಯ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ನಿಂತಿದ್ದೆ.

ಅತ್ತೆ ಪೊರಕೆ ಹಿಡಿದು ವ್ಯಾನಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಕುಂಬಳಕಾಯಿಯ ಹೋಳು ರಸ್ತೆಗೆ ಸಿಡಿದರೆ ಬೈಕಿನವರು ಜಾರಿ ಬೀಳುತ್ತಾರೆ, ಅದಕ್ಕೆ ಬೇಗ ಗುಡಿಸಿಬಿಡಬೇಕು ಅನ್ನುವುದು ಅವರ ಪ್ರತಿ ವರ್ಷದ ಕಾಳಜಿ. ದಾರಿಹೋಕರ ಕಾಲು ಮುರಿಯಬಾರದು ಅಂತ ಕೂತವರು ಅವರು.

ವ್ಯಾನ್ ಹಿಂದಕ್ಕೆ ಹೊರಟಿತು.

ಪರದೆ ಪೂರ್ತಿ ಬಿಳಿ. ಸಮಯ ಹತ್ತೂವರೆ, ಹನ್ನೊಂದರ ನಡುವೆ. ಗಾಬರಿ ಬೇಡ!

ನಾನು ನೋಡಿದೆ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಕಡಿಮೆಯೇ. ನಾನು ಪೂರ್ತಿ ನೋಡಿದೆ. ಅತ್ತೆಯ ಬೆನ್ನು, ಬಂಪರ್, ಅವೆರಡರ ನಡುವಿನ ಜಾಗ. ಆ ಜಾಗ ಕಡಿಮೆಯಾಗುವುದು. ನನ್ನ ಬಾಯಿ ತೆರೆದುಕೊಂಡಿತು. ಸದ್ದು ಬರಲಿಲ್ಲ. ಗಾಡಿ ಬರುವಾಗ ಬೀದಿಗೆ ಬೀದಿಯೇ ಕಿರುಚುವ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ಒಂದು "ಓಲ್ಡಾನ್" ನನ್ನ ಗಂಟಲಿನಿಂದ ಹೊರಡಲಿಲ್ಲ. ತಟ್ಟೆ ಕೈಯಲ್ಲೇ ಇತ್ತು. ಅದನ್ನು ಎಸೆದಿದ್ದರೂ ಸಾಕಿತ್ತು.

ನಿಂಬೆಹಣ್ಣು ಚಿಟ್ಟನೆ ಒಡೆದವು. ಬಂಪರ್ ಅತ್ತೆಯ ಬೆನ್ನಿಗೆ ತಾಗಿತು. ಅವರು ಪಕ್ಕಕ್ಕೆ ಉರುಳಿದರು. ಚಕ್ರ ಎಡಗಾಲನ್ನು ಒತ್ತಿಕೊಂಡು, ಕುಂಬಳಕಾಯಿಯ ಅರ್ಧ ಹೋಳನ್ನು ಹತ್ತಿ, ನಿಂತಿತು. ನಿಂಬೆಹಣ್ಣಿನ ಸದ್ದಾದ ಮೇಲೂ ಚಕ್ರದಡಿ ಇನ್ನೇನೋ ಸಿಕ್ಕಿದ್ದು ಸೀಟಿನಲ್ಲಿ ಕೂತ ಮಾವನಿಗೆ ಗೊತ್ತಾಗಿತ್ತು. ಬ್ರೇಕ್ ಒತ್ತಿದ್ದರು. ಇನ್ನೊಂದು ಗೇಣು ಬಂದಿದ್ದರೆ? ಆ ಗೇಣನ್ನು ನಾನು ದಿನವೂ ಅಳೆದಿದ್ದೇನೆ.

ನೆಲವೆಲ್ಲ ಕೆಂಪು. ಯಾವುದು ಕುಂಕುಮ, ಯಾವುದು ಅಲ್ಲ ಅಂತ ಗೊತ್ತಾಗದೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅತ್ತೆಯ ದನಿ ಕೇಳಿತು. "ರೀ, ಆ ಹೋಳು ಇನ್ನೂ ಅಲ್ಲೇ ಇದೆ, ಯಾರಾದ್ರೂ ಜಾರ್ತಾರೆ..."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಡಗಾಲಿಗೆ ರಾಡ್ ಹಾಕಿದರು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ನೋಡಿ, ಇಲ್ಲಿ ಮುರಿದಿದೆ" ಅಂದರು. ಕೂದಲೆಳೆಯಂಥ ಬಿರುಕನ್ನು ಮೂವತ್ತು ವರ್ಷ ಹುಡುಕಿದ ಮನುಷ್ಯ ಆ ಕಡೆ ಮುಖ ತಿರುಗಿಸಲಿಲ್ಲ. ನೆಲ ನೋಡುತ್ತ ನಿಂತಿದ್ದರು.

ಆವತ್ತು ಸಂಜೆ ಬಟ್ಟೆ ತರುವ ನೆಪದಲ್ಲಿ ನಾನು ಮಲವಗೊಪ್ಪಕ್ಕೆ ಹೋದೆ. ಸೀದಾ ವ್ಯಾನಿನ ಹಿಂದೆ ಹೋಗಿ ಬಗ್ಗಿದೆ. ಹಿಂಗಣ್ಣು ತೊಳೆದಂತೆ ಹೊಳೆಯುತ್ತಿತ್ತು. ವಿಭೂತಿಯ ಗುರುತೇ ಇಲ್ಲ! ಹಾಗಾದರೆ ನಾನು ಹಚ್ಚಿದ್ದು ನಿಜವಾ? ಹತ್ತಲೇ ಇಲ್ಲವಾ? ನಿಜಕ್ಕೂ ಬಿಸಿಲೇ ಇತ್ತಾ? ತಪ್ಪಿಸಿಕೊಳ್ಳಲು ಒಂದು ಕಂಡಿ ಸಿಕ್ಕಿತು. ನಾಚಿಕೆಯಿಲ್ಲದೆ ಅದರಲ್ಲಿ ನುಸುಳಿದೆ.

ನೋಡಲು ಬಂದವರಿಗೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದರು. "ತಪ್ಪು ನಂದೇ. ಬಿಸಿಲು ಅಂದ್ಕೊಂಡೆ." ಬಂದವರು, "ಈ ಹಾಳು ಕ್ಯಾಮೆರಾ ನಂಬಿದ್ರೆ ಇನ್ನೇನಾಗ್ತದೆ!" ಅಂತ ಬೈದು, ಹಣ್ಣಿನ ಚೀಲ ಇಟ್ಟು ಹೋಗುತ್ತಿದ್ದರು. ನಾನು ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಒಮ್ಮೆಯೂ ಬಾಯಿ ಬಿಡಲಿಲ್ಲ. ಮೆಟ್ಟಿಲ ಮೇಲೆ ಬಾರದ ದನಿ ಅಲ್ಲಿಯೂ ಬರಲಿಲ್ಲ.

ಮಾವ ನಾಲ್ಕೂ ಕ್ಯಾಮೆರಾ ಕಿತ್ತು ಡಬ್ಬಿಯಲ್ಲಿ ಹಾಕಿಟ್ಟರು. ವ್ಯಾನಿಗೆ ಟಾರ್ಪಾಲು ಹೊದಿಸಿದರು. ಹಳೇ ಕಾರು ನೋಡಲು ಯಾರಾದರೂ ಕರೆದರೆ, "ಕಣ್ಣು ಸರಿ ಇಲ್ಲ" ಅನ್ನುತ್ತಿದ್ದರು. ಎಂಥ ಮನುಷ್ಯ ಹೇಗಾಗಿಬಿಟ್ಟರು! ನನಗೋ, ಕಣ್ಣು ಮುಚ್ಚಿದರೆ ಗಡಿಯಾರದ ಮೇಲಿನ ಕುಂಕುಮ, ಆಮೇಲೆ ಬಟ್ಟಲು, ಬೆರಳು, ಬಂಪರ್, ಜಾಗ. ಎದ್ದು ನೀರು ಕುಡಿದು ಮಲಗಿದರೆ ಮತ್ತೆ ಮೊದಲಿನಿಂದ. ಹೀಗೆ ಮೂರು ತಿಂಗಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಅತ್ತೆ ವಾಕರ್ ಹಿಡಿದು ನಡುಮನೆಯಲ್ಲಿ ಓಡಾಡುವಷ್ಟಾಗಿದ್ದರು. ಅಡುಗೆ ಮಾವನದ್ದೇ. ಅವರು ಮಾಡಿದ ಉಪ್ಪಿಟ್ಟನ್ನು ತಿಂದ ಅತ್ತೆ, "ಕಾಲಿಗೆ ಇದನ್ನೇ ಮೆತ್ತಿದ್ರೆ ರಾಡೇ ಬೇಕಾಗ್ತಿರ್ಲಿಲ್ಲ ಕಣೇ" ಅಂತ ನನ್ನ ಕಿವಿಯಲ್ಲಿ ಹೇಳಿದರು. ನಗಲು ಹೋದೆ. ಅಳು ಬಂತು. ಎದ್ದು ಸೀದಾ ಅಡುಗೆಮನೆಗೆ ಹೋದೆ. ಮಾವ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಮಾವ, ಆವತ್ತು ಲೆನ್ಸಿಗೆ ವಿಭೂತಿ ಹಚ್ಚಿದ್ದು ನಾನು."

ಮಾವ ಇನ್ನೊಂದು ಹುರುಳಿಕಾಯಿ ತಗೊಂಡರು. ನಾರು ತೆಗೆದರು.

"ಗೊತ್ತು" ಅಂದರು.

"ಗೊತ್ತಾ? ಯಾವಾಗ್ಲಿಂದ?"

"ಆವಾಗ್ಲೇ. ಮೂರು ಬೆರಳು ಹಂಗೆ ಸೊಟ್ಟಗೆ ಎಳೆಯೋಳು ಈ ಮನೇಲಿ ಇನ್ಯಾರಿದಾರೆ? ಒರೆಸಿದ್ದು ನಾನೇ. ಅದು ಜನರ ಬಾಯಿಗೆ ಬಿದ್ರೆ ನೀನು ಜೀವಮಾನ ಪೂರ್ತಿ ಈ ಮನೆ ಕಡೆ ಬರ್ತಿರ್ಲಿಲ್ಲ."

ಮಾವ ಚಾಕು ಕೆಳಗಿಟ್ಟರು.

"ಸುಳ್ಳು ಹೇಳಿದೆ ಈಗ. ನಿನ್ನನ್ನ ಉಳಿಸ್ಬೇಕು ಅಂತ ಹೊಳೆದಿದ್ದು ಆಮೇಲೆ. ಕಾರ್ಖಾನೇಲಿ ಏನು ಕಲ್ಸಿದ್ರು ಗೊತ್ತಾ? ಚಿತ್ರ ಕೆಟ್ರೆ ಮೊದ್ಲು ಲೆನ್ಸ್ ಒರೆಸು, ಆಮೇಲೆ ಮುಂದಿನ ಮಾತು. ಬ್ರೇಕ್ ಹಾಕಿ ಇಳಿದೋನು ಲೆನ್ಸ್ ನೋಡಿದೆ ಕಣೇ. ಹೆಬ್ಬೆಟ್ಟಲ್ಲಿ ಒರೆಸಿದೆ. ಆಮೇಲೆ ಕೆಳಗೆ ನೋಡಿದೆ. ಎಷ್ಟು ಹೊತ್ತು? ಎರಡು ಸೆಕೆಂಡು ಇರ್ಬೋದು. ಆ ಎರಡು ಸೆಕೆಂಡು ಅವಳು ಕೆಳಗೆ ಬಿದ್ಕೊಂಡು ನನ್ನನ್ನೇ ನೋಡ್ತಾ ಇದ್ಲು. ನಿಂದು ಆಟ. ನಾನು ಮಾಡಿದ್ದಕ್ಕೆ ಏನು ಅಂತಾರೆ ಹೇಳು."

ಬಾಗಿಲಲ್ಲಿ ವಾಕರ್ ಟಕ್ ಅಂತು. ಅತ್ತೆ ಎಷ್ಟು ಹೊತ್ತಿನಿಂದ ನಿಂತಿದ್ದರೋ!

"ಹೌದು, ನೋಡ್ತಾ ಇದ್ದೆ" ಅಂದರು. "ಕೋಪಾನೂ ಬಂದಿತ್ತು. ಆಸ್ಪತ್ರೇಲಿ ಎಚ್ಚರ ಆದಾಗ ಎರಡು ಮಾತು ಬೈಬೇಕು ಅಂತ ಜೋಡಿಸಿ ಇಟ್ಕೊಂಡಿದ್ದೆ. ಕಣ್ಣು ಬಿಟ್ರೆ ಇವ್ರು ನನ್ನ ಒಂದೊಂದೇ ಬೆರಳಿನ ಕುಂಕುಮ ಒರೆಸ್ತಾ ಕೂತಿದ್ರು. ಯಾವ ಬಾಯಲ್ಲಿ ಬೈಲಿ? ಇನ್ನು ನೀನು! ಹಚ್ಚಿದ್ರೆ ಒಂದು ಮಾತು ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪೇ. ನಾನು ಎಂಜಿನ್ ಶುರುವಾದ ಗಾಡಿ ಹಿಂದೆ ಕೂತೆ. ಅದೂ ತಪ್ಪೇ. ಈಗ ಇಬ್ರೂ ಇಲ್ಲಿ ಬನ್ನಿ, ಕಾಲು ಸೇದ್ತಾ ಇದೆ, ಮಂಚದ ಮೇಲೆ ಎತ್ತಿ ಇಡಿ."

ನಾವಿಬ್ಬರೂ ಅತ್ತೆಯನ್ನು ನಡೆಸಿಕೊಂಡು ಹೋದೆವು. ಮಾವ ಹಿಮ್ಮಡಿ ಹಿಡಿದರು, ನಾನು ಮಂಡಿಯ ಕೆಳಗೆ ಕೈ ಕೊಟ್ಟೆ. ರಾಡ್ ಹಾಕಿದ ಕಾಲು ಅಷ್ಟು ಭಾರ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ದಿಂಬಿನ ಮೇಲೆ ಇಟ್ಟಾದ ಮೇಲೂ ಮಾವ ಕೈ ತೆಗೆಯಲಿಲ್ಲ. ಅತ್ತೆಯೂ ತೆಗೆಯಿರಿ ಅನ್ನಲಿಲ್ಲ.

ಆವತ್ತು ನಾನು ಶಿವಮೊಗ್ಗದ ನನ್ನ ಮನೆಗೆ ವಾಪಸು ಹೋಗಲಿಲ್ಲ. ಊಟ ಮುಗಿಸಿ ನಡುಮನೆಯಲ್ಲೇ ಚಾಪೆ ಹಾಸಿಕೊಂಡೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಸೋಮವಾರ, ಎಂಟು ಗಂಟೆ ದಾಟಿತ್ತು. ಮೊದಲ ಕ್ಲಾಸು ತಪ್ಪಿಯೇ ಹೋಗಿತ್ತು. ದಡಬಡಿಸಿ ಎದ್ದು ಕೂತೆ.

ಅತ್ತೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕೆಳಗೆ, ಮಂಚದ ಪಕ್ಕದಲ್ಲೇ, ಮಾವ ಬಾಯಿ ತೆರೆದು ಮಲಗಿದ್ದರು. ನಾನು ಏನೋ ಹೇಳಲು ಹೋದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

"ಶ್! ಗೊರಕೆ ಹೊಡೀತಾ ಇದಾರೆ" ಅಂತ ಪಿಸುಗುಟ್ಟಿದರು. "ಮೂರು ತಿಂಗಳಾಗಿತ್ತು ಕಣೇ ಕೇಳಿ. ಇನ್ನೊಂದು ಸ್ವಲ್ಪ ಹೊತ್ತು ಕೇಳ್ತೀನಿ ಇರು."